ದುರ್ಗಿಯ ಹಗ್ಗ ಹರಿಯಲಿಲ್ಲ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಹೊನ್ನಾವರ ದಾಟಿ ಕುಮಟೆಯ ಕಡೆ ಹೋಗುವ ರಸ್ತೆಯಲ್ಲಿ ಕರಿಕಲ್ಲೇರು ಎಂಬ ಏರು ಇದೆ. ಅದರ ನೆತ್ತಿಯಲ್ಲಿ ಒಬ್ಬ ಹೆಂಗಸು ಸೈಕಲ್ಲೊಂದರ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿ ನಿಂತಿದ್ದಾಳೆ. ಕ್ಯಾರಿಯರಿನ ಮೇಲೆ ಎರಡು ಬುಟ್ಟಿ ಬಂಗಡೆ. ಸೈಕಲ್ಲಿನವನು ಸೀಟಿನಿಂದ ಇಳಿದು ಹ್ಯಾಂಡಲ್ ಹಿಡಿದಿದ್ದಾನೆ. "ಹಿಡ್ಕಂಡೆ. ಇನ್ನು ಬಿಡು," ಅನ್ನುತ್ತಾಳೆ ಆಕೆ. ಅವನು ಬ್ರೇಕು ಸಡಿಲ ಮಾಡುತ್ತಾನೆ. ಸೈಕಲ್ಲು ಇಳಿಜಾರಿಗೆ ಮುಖ ಮಾಡಿ ಧುಮುಕಲು ನೋಡುತ್ತದೆ, ಆಕೆ ಹಿಮ್ಮಡಿ ಊರಿ ಎಳೆದು ಹಿಡಿಯುತ್ತಾಳೆ. ಬುಟ್ಟಿಯಿಂದ ಸೋರಿದ ಮೀನಿನ ನೀರು ಆಕೆಯ ಮುಂಗೈ ಮೇಲೆ ಹರಿದು ಮೊಣಕೈಯಲ್ಲಿ ತೊಟ್ಟಿಕ್ಕುತ್ತದೆ. ಹೀಗೆ ಒಂದೊಂದೇ ಹೆಜ್ಜೆ ಇಡುತ್ತ ಇಬ್ಬರೂ ಕೆಳಗಿನ ಮೋರಿಯವರೆಗೆ ಇಳಿಯುತ್ತಾರೆ.

ಇವಳು ದುರ್ಗಿ. ವಯಸ್ಸು ಕೇಳಿದರೆ ನಗುತ್ತಾಳೆ, ನಲವತ್ತು ದಾಟಿರಬಹುದು. ಕೆಲಸಕ್ಕೊಂದು ಹೆಸರು ಬೇಕಲ್ಲ? ಈಕೆಯ ಕೆಲಸಕ್ಕೆ ಹೆಸರೇ ಇಲ್ಲ. ಹೊರೆ ಹೊತ್ತ ಸೈಕಲ್ಲುಗಳನ್ನು ಹೊನ್ನಾವರದ ಬದಿಯಿಂದ ಮೇಲಕ್ಕೆ ದಬ್ಬುವುದು, ಆಚೆ ಬದಿಯಲ್ಲಿ ಹಿಡಿದು ಇಳಿಸುವುದು. ಈ ಬದಿ ಉದ್ದದ ಏರು, ಆ ಬದಿ ಗಿಡ್ಡ ಇಳಿತ. ಆದರೆ ಆ ಗಿಡ್ಡದರಲ್ಲೇ ಇರುವುದು ಎಲ್ಲ ಕೆಡುಕು: ಕಡಿದಾದ ಇಳಿಜಾರು, ಅದರ ನಡುವೆ ಒಂದು ತಿರುವು, ತಿರುವಿನ ಕೆಳಗೆ ಮೋರಿ. ಮಳೆಗಾಲದಲ್ಲಿ ಚಕ್ರ ಒದ್ದೆಯಾದರೆ ಬ್ರೇಕಿನ ರಬ್ಬರ್ ಇದ್ದೂ ಇಲ್ಲದ ಹಾಗೆ. ಆಗ ಸೈಕಲ್ಲಿಗೆ ಇರುವ ಬ್ರೇಕು ಇವಳೇ.

ನಾನು ಇಲ್ಲಿಗೆ ಬಂದದ್ದು ಪುರವಣಿಯ ಪುಟ ತುಂಬಿಸಲಿಕ್ಕಲ್ಲ. ಸಿಟ್ಟು ಬಂದು ಬಂದೆ. ಆ ಸಿಟ್ಟಿನ ಕಾರಣ ಹೇಳುವ ಮೊದಲು ಇವಳ ಪೂರ್ವಕಥೆಯನ್ನು ಹೇಳಿಬಿಡುತ್ತೇನೆ.

ದುರ್ಗಿಯ ಗಂಡ ಮಂಜ ಈಗ ತದಡಿಯಲ್ಲಿ ದೋಣಿಗೆ ಹೋಗುತ್ತಾನೆ. ಮೊದಲು ಅವನೂ ಸೈಕಲ್ಲಿನ ಮೇಲೆ ಮೀನು ಮಾರುತ್ತಿದ್ದವನೇ. ಹಳೆಯ ಸೈಕಲ್ಲು, ಬ್ರೇಕು ಹೆಸರಿಗೆ ಮಾತ್ರ. ಒಂದು ಮಳೆಗಾಲ ದುರ್ಗಿ ಗಂಡನ ಜೊತೆ ಏರಿನವರೆಗೆ ನಡೆದು ಬಂದು ಹಿಂದಿನಿಂದ ಹಿಡಿಯಲು ಶುರುಮಾಡಿದಳು. "ಇವ್ರದ್ದು ಒಂದೇ ಸೈಕಲ್ಲು ಹಿಡಿಯೂದು ಅಂದ್ಕಂಡಿ ಬಂದದ್ದು. ಹಿಂದಿನವ ಬಂದು, 'ದುರ್ಗಕ್ಕಾ, ನಂದೂ ಸ್ವಲ್ಪ ಹಿಡಿಯೇ' ಅಂದ. ಅವ್ನ ಹಿಂದೆ ಮತ್ತೊಬ್ಬ. ಇಲ್ಲ ಅಂತ ಹೇಳೂಕೆ ಬಾಯಿ ಬರ್ಲಿಲ್ಲ ನೋಡಿ, ಇಲ್ಲೇ ಉಳ್ದೆ," ಅನ್ನುತ್ತಾಳೆ. ಆಮೇಲೆ ಮುಂಬಯಿ ರಾಜ್ಯ ಹೋಯಿತು, ಮೈಸೂರು ರಾಜ್ಯ ಬಂತು. ಆಣೆ ಹೋಗಿ ನಯಾಪೈಸೆ ಬಂತು. ಕರಿಕಲ್ಲೇರು ಮಾತ್ರ ಒಂದು ಅಂಗುಲ ತಗ್ಗಲಿಲ್ಲ. ದುರ್ಗಿಗೆ ಕೊಡುವುದೂ ಅಷ್ಟೇ: ಒಬ್ಬ ನಾಲ್ಕು ತಾರಲೆ ಮೀನು, ಇನ್ನೊಬ್ಬ ಚಿಲ್ಲರೆ ಕಾಸು, ಮತ್ತೊಬ್ಬ "ನಾಳೆ ಕೊಡ್ತೆ ದುರ್ಗಕ್ಕಾ."

ಬರಿಗೈಯಲ್ಲಿ ಹಿಡಿಯುವುದು ಈಗಿನ ಅವಸ್ಥೆ. ಮೊದಲು ಹಗ್ಗವಿತ್ತು, ತೆಂಗಿನ ನಾರಿನಿಂದ ಆಕೆಯೇ ಹೊಸೆದ ಕತ್ತದ ಹಗ್ಗ. ಒಂದು ತುದಿಯನ್ನು ಕ್ಯಾರಿಯರಿಗೆ ಬಿಗಿದು, ಇನ್ನೊಂದನ್ನು ಸೊಂಟಕ್ಕೆ ಗೋಣಿಚೀಲದ ಮೇಲೆ ಸುತ್ತಿಕೊಂಡು, ಹಿಂದಕ್ಕೆ ವಾಲಿ ನಡೆಯುತ್ತಿದ್ದಳು. ಎಷ್ಟೇ ಭಾರವಿರಲಿ, ಸೈಕಲ್ಲು ಕಟ್ಟಿಹಾಕಿದ ಹಸುವಿನ ಹಾಗೆ ಇಳಿಯುತ್ತಿತ್ತು.

ನೆತ್ತಿಯ ಮೇಲೆ ಚಿರೇಕಲ್ಲಿನ ಒಂದು ಮೋಟು ಕಟ್ಟೆ ಇದೆ. ಸೈಕಲ್ಲಿನವರು ದಣಿವಾರಿಸಿಕೊಳ್ಳುವುದು ಇಲ್ಲೇ. ಇಲ್ಲಿ ಒಂದು ಕಟ್ಟಳೆ ಉಂಟು. ಕುಮಟೆಯ ಬದಿಯಿಂದ ಹತ್ತಿ ಬಂದವನು ದಾರಿಯ ಸುದ್ದಿ ಹೇಳದೆ ಮುಂದೆ ಹೋಗುವಂತಿಲ್ಲ. ಮೇಲಿದ್ದವನು ಸುದ್ದಿ ಕೇಳದೆ ಇಳಿಯುವಂತಿಲ್ಲ. ತಿರುವಿನಲ್ಲಿ ಗಾಡಿ ಮಗುಚಿದೆಯೋ, ದನ ಮಲಗಿದೆಯೋ, ಮೋರಿಯ ಹತ್ತಿರ ರಸ್ತೆ ಕೊರೆದಿದೆಯೋ ಎಲ್ಲ ಹೇಳಬೇಕು. ಹತ್ತಿ ಬರುವವರು ಯಾರೂ ಇಲ್ಲದಿದ್ದರೆ ದುರ್ಗಿ ತಾನೇ ಇಳಿದು ನೋಡಿ ಬಂದು ಕೂಗುತ್ತಾಳೆ. ಸೈಕಲ್ಲಿನ ಅನುಭವ ಹಂಚಿಕೊಳ್ಳುವುದು ಅಂದರೆ ಇಲ್ಲಿ ಇದು, ಕೈಕಾಲು ಉಳಿಸಿಕೊಳ್ಳುವ ಬಾಬತ್ತು.

ಭಟ್ಕಳದ ಮೀರಾನ್ ಸಾಹೇಬರು ಜವಳಿ ಗಂಟು ಕಟ್ಟಿಕೊಂಡು ಶಿರಾಲಿ, ಮಂಕಿಗಳನ್ನು ಹಾದು, ಶರಾವತಿಯನ್ನು ದೋಣಿಯಲ್ಲಿ ದಾಟಿ ಕುಮಟೆಯ ಸಂತೆಗೆ ಹೋಗುವವರು. ಬಿಳಿ ಗಡ್ಡ, ತಲೆಗೆ ಟೊಪ್ಪಿ. ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚುತ್ತ ನನಗೆ ಹೇಳುತ್ತಾರೆ: "ದೋಣಿಯಲ್ಲಿ ಅಲ್ಲಾನ ನೆನೀತೇನೆ ಸಾಹೇಬ್ರೇ, ಈ ಇಳಿತದಲ್ಲಿ ದುರ್ಗಿಬಾಯಿನ್ನ. ಬ್ರೇಕಿಂದು ರಬ್ಬರ್ ಸವೆದಿದ್ರೆ ಎಂಥಾ ಬೈಗುಳ ಬೈತಾಳೆ ಗೊತ್ತುಂಟಾ? ನಮ್ಮ ಮನೆಯವ್ಳೂ ಹಾಗೆ ಬೈಯೂದಿಲ್ಲ!" ದುರ್ಗಿ ಬಿಡುತ್ತಾಳೆಯೇ? "ಬೈದದ್ದಕ್ಕೇ ಸಾಹೇಬ್ರು ಗಡ್ಡ ಹಣ್ಣಾಗೂವರೆಗೂ ಬದ್ಕಿರೂದು!" ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಾರೆ.

ಇನ್ನು ಸಿಟ್ಟಿನ ಕಥೆ. ರಸ್ತೆ ಅಗಲ ಮಾಡಿ ಡಾಂಬರು ಹಾಕುವ ಕೆಲಸ ನಡೆದಿದೆ. ಒಳ್ಳೆಯದೇ, ಯಾರು ಬೇಡ ಅನ್ನುತ್ತಾರೆ? ಆದರೆ ಜಲ್ಲಿಯ ಲಾರಿ ಏರು ಹತ್ತುವಾಗ ದುರ್ಗಿಯ ಹಗ್ಗಕ್ಕಾಗಿ ಸ್ವಲ್ಪ ನಿಧಾನ ಮಾಡಬೇಕಾಗುತ್ತಿತ್ತಂತೆ. ಕಾಂಟ್ರಾಕ್ಟರನ ಮುಕಾದಮನಿಗೆ, ಅಂದರೆ ಕೂಲಿಗಳ ಮೇಸ್ತ್ರಿಗೆ, ಅದನ್ನು ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಬಂದವನೇ ಆಕೆಯ ಸೊಂಟದ ಹಗ್ಗವನ್ನು ಬಿಚ್ಚಿಸಿ, ಕತ್ತಿಯಿಂದ ಕಡಿದು ಒಂದು ತುಂಡನ್ನು ಲಾರಿಯೊಳಗೆ ಎಸೆದ. ಇನ್ನೊಮ್ಮೆ ಏರಿನಲ್ಲಿ ಕಂಡರೆ ಪೋಲೀಸರಿಗೆ ಕೊಡುತ್ತೇನೆ ಅಂದ. ಮೀರಾನ್ ಸಾಹೇಬರು ಅವತ್ತು ಇದೇ ಕಟ್ಟೆಯ ಮೇಲಿದ್ದರು, ಕಣ್ಣಾರೆ ಕಂಡಿದ್ದಾರೆ. ದುರ್ಗಿ ಮನೆಗೆ ಹೋದಳು.

ಮರುದಿನವೇ ಲಾರಿಯಿಂದ ಉದುರಿದ ಜಲ್ಲಿ ತಿರುವಿನಲ್ಲಿ ರಾಶಿಯಾಗಿ ಬಿದ್ದಿತ್ತು. ಗುಡಿಸುವವರಿಲ್ಲ, ಒಂದು ಕೆಂಪು ಬಟ್ಟೆ ಕಟ್ಟಿದವರೂ ಇಲ್ಲ. ಹೊನ್ನಾವರದಲ್ಲಿ ದೋಣಿ ನಿಲ್ಲುವ ದಕ್ಕೆಯಿಂದ ಮೀನು ತುಂಬಿಕೊಂಡು ವೆಂಕಟ ಬಂದ. ನೆತ್ತಿಯ ಮೇಲೆ ನಿಂತು ದುರ್ಗಕ್ಕನನ್ನು ಕೂಗಿದ. ಆಕೆ ಎಲ್ಲಿಂದ ಬರಬೇಕು? ಕೆಳಗಿನ ಸುದ್ದಿ ಹೇಳುವವರೂ ಇರಲಿಲ್ಲ. ಮೀನು ಕೆಡುತ್ತದೆ, ಎಷ್ಟು ಹೊತ್ತು ಕಾದಾನು? ಇಳಿದ. ಹೊರೆಯ ಭಾರ ಅವನನ್ನು ಎಳೆದುಕೊಂಡು ಓಡಿತು, ತಿರುವಿನಲ್ಲಿ ಚಕ್ರ ಜಲ್ಲಿಗೆ ಜಾರಿತು, ಸೈಕಲ್ಲು ಅವನ ಕಾಲ ಮೇಲೆ ಬಿದ್ದು ಸವಾರನೂ ಸೈಕಲ್ಲೂ ಒಟ್ಟಿಗೇ ಮೋರಿಗೆ ಉರುಳಿದವು. ಕಾಲು ಮೊಣಕಾಲಿನ ಕೆಳಗೆ ಮುರಿಯಿತು.

ಜನ ಜಲ್ಲಿಯ ಮಾತು ಎತ್ತುವ ಮೊದಲೇ ಮುಕಾದಮ ಬೇರೆ ಮಾತು ಎತ್ತಿದ. "ಆ ಹೆಂಗಸಿನ ಹಗ್ಗ ಹರಿಯಿತು, ಅದಕ್ಕೇ ಬಿದ್ದ. ಬೇಕಾದರೆ ನೋಡಿ," ಎಂದು ಲಾರಿಯಲ್ಲಿದ್ದ ಹಗ್ಗದ ತುಂಡನ್ನೇ ತೋರಿಸಿದ. ತಾನೇ ಕಡಿದ ಹಗ್ಗ! ಇಂಥ ಎದೆಗಾರಿಕೆಗೆ ಏನನ್ನೋಣ? ಕಳ್ಳನೇ ಕಂದೀಲು ಹಿಡಿದುಕೊಂಡು ಕಳ್ಳನನ್ನು ಹುಡುಕಲು ಹೊರಟ ಹಾಗಾಯಿತು.

ಆ ತುಂಡು ನಾಲ್ಕು ದಿನದಲ್ಲಿ ಕುಮಟೆ ತಲುಪಿತು. ಕಳೆದ ಭಾನುವಾರ ಸಂಜೆ ಅಲ್ಲಿ ಹವ್ಯಾಸಿ ಸೈಕಲ್ ಸವಾರರ ಕೂಟವೊಂದರ ಸಭೆ. ಸವಾರಿಯ ಅನುಭವ ಹಂಚಿಕೊಳ್ಳುವ ಕಾರ್ಯಕ್ರಮ. ನನಗೂ ಕರೆಯಿತ್ತು. ಒಬ್ಬರು ಬೆಳದಿಂಗಳಲ್ಲಿ ಗೋಕರ್ಣಕ್ಕೆ ಹೋದದ್ದು ಹೇಳಿದರು. ಇನ್ನೊಬ್ಬರು ಮಿರ್ಜಾನಿನಲ್ಲಿ ಪಂಚರಾಗಿ ಎಳನೀರು ಕುಡಿಯುತ್ತ ಕುಳಿತದ್ದು ಹೇಳಿ ನಗಿಸಿದರು. ಹೇಳಲಿ, ಸಂತೋಷವೇ. ಕ್ಯಾರಿಯರಿನಲ್ಲಿ ಥರ್ಮಾಸು ಇಟ್ಟುಕೊಂಡು ಹೋಗುವುದು ಪಾಪವಲ್ಲ. ಆಮೇಲೆ ಎದ್ದವರು ಕೂಟದ ಕಾರ್ಯದರ್ಶಿ, ವಕೀಲ ಶಾಂತಾರಾಮರು. ಹಗ್ಗದ ತುಂಡನ್ನು ಮೇಜಿನ ಮೇಲಿಟ್ಟು, "ಮಹನೀಯರೇ, ನಮ್ಮ ರಸ್ತೆಯ ಅಪಾಯ ಇದು!" ಅಂದರು. ಕಾಸಿಗಾಗಿ ಸೈಕಲ್ಲು ಎಳೆದು ಬೀಳಿಸುವ ಹೆಂಗಸನ್ನು ಕರಿಕಲ್ಲೇರಿನಿಂದ ಓಡಿಸಬೇಕೆಂದು ತಾಲೂಕಿನ ಅಧಿಕಾರಿಗಳನ್ನು ಕೇಳಿಕೊಳ್ಳುವ ಠರಾವು ಮಂಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದರು.

ಹಗ್ಗ ಕೈಯಿಂದ ಕೈಗೆ ದಾಟುತ್ತ ನನ್ನ ಕೈಗೂ ಬಂತು. ತುದಿ ನೋಡಿದೆ. ಕತ್ತದ ಹಗ್ಗ ಜಗ್ಗಿ ಹರಿದರೆ ತುದಿ ಹೇಗಿರುತ್ತದೆಂದು ಈ ಕರಾವಳಿಯಲ್ಲಿ ಬಾವಿಯಿಂದ ಒಂದು ಕೊಡ ನೀರು ಸೇದಿದ ಯಾರಿಗಾದರೂ ಗೊತ್ತು. ನಾರು ಬಿಚ್ಚಿ ಕೆದರಿಕೊಂಡಿರುತ್ತದೆ. ಇದು ಬಾಳೆದಿಂಡು ಕೊಚ್ಚಿದ ಹಾಗೆ ಸಪಾಟಾಗಿತ್ತು. ಅಲ್ಲಿದ್ದವರ ಮನೆಗಳಲ್ಲಿ ಬಾವಿ ಇಲ್ಲವೇ? ನಾನು ಎದ್ದು ಅದನ್ನೇ ಹೇಳಿದೆ, "ಬಿದ್ದ ವೆಂಕಟನನ್ನು ಯಾರಾದರೂ ಕೇಳಿದಿರಾ?" ಅಂದೆ. "ಅವನು ಹೇಳುವುದೇನಿದೆ? ಹಗ್ಗವೇ ಹೇಳುತ್ತಿದೆಯಲ್ಲ," ಅಂದರು ಶಾಂತಾರಾಮರು. ಅಧ್ಯಕ್ಷರು ಗಡಿಯಾರ ನೋಡಿ ವಂದನಾರ್ಪಣೆಗೆ ಕರೆದರು. ಅವಲಕ್ಕಿ, ಚಹ ಬಂತು. ನಾನು ಅದನ್ನು ಮುಟ್ಟದೆ ಎದ್ದು ಹೊರಟೆ.

ಮರುದಿನ ವೆಂಕಟನ ಮನೆ ಹುಡುಕಿಕೊಂಡು ಹೋದೆ. ದಕ್ಕೆಯ ಹತ್ತಿರದ ಕೇರಿ. ಕಾಲಿಗೆ ಪಟ್ಟಿ ಬಿಗಿದು ಮಲಗಿದ್ದಾನೆ. ಪೇಪರಿಗೆ ಬರೆಯುವವನೆಂದು ಇಲ್ಲಿಯವರಿಗೆ ನಾನು ಮಾಸ್ತರ. "ಹಗ್ಗ ಹರೀತಾ? ಹಗ್ಗ ಎಲ್ಲಿತ್ತು ಮಾಸ್ತರ್ರೇ ಹರಿಯೂಕೆ? ದುರ್ಗಕ್ಕನೇ ಇರ್ಲಿಲ್ಲ. ಅವ್ಳು ಇದ್ದಿದ್ರೆ ನಾ ಬೀಳೂದೇ ಇರ್ಲಿಲ್ಲ. ಜಲ್ಲಿಗೆ ಜಾರಿ ಬಿದ್ದದ್ದು ನಾನು." ಅವನ ಹೆಂಡತಿ ಕಮಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ತಡೆಯಲಾರದೆ ಅಂದಳು: "ಪ್ಯಾಟೆ ಮಂದಿ ಸಭೆ ಮಾಡೂಕಿಂತ ಮೊದ್ಲು ಒಂದ್ ಸಲ ಬಂದು ಕೇಳೂಕೆ ಆಗ್ತಿರ್ಲಿಲ್ವ? ನಮ್ಮ ಮನೆ ಎಂತ ಸಮುದ್ರದ ಆಚೆ ಅದ್ಯಾ?" ಇದಕ್ಕೆ ಉತ್ತರವನ್ನು ಠರಾವು ಪಾಸು ಮಾಡಿದ ಮಹನೀಯರೇ ಕೊಡಲಿ.

ದುರ್ಗಿ ಮೂರು ದಿನ ಮನೆಯಲ್ಲಿ ಕುಳಿತಳಂತೆ. ವೆಂಕಟ ಬಿದ್ದ ಸುದ್ದಿ ಮುಟ್ಟಿದ್ದು ಆಗ, ಆಮೇಲೆ ಕೂರಲಾಗಲಿಲ್ಲ. ಮುಕಾದಮನ ಜನ ಬರುವುದು ಬಿಸಿಲೇರಿದ ಮೇಲೆ. ಅದಕ್ಕೇ ಈಗ ನಸುಕಿನಲ್ಲಿ ಬಂದು, ಲಾರಿಯ ಸದ್ದು ಕೇಳುವ ಮೊದಲೇ ಕಾಲುದಾರಿಯಲ್ಲಿ ಇಳಿದು ಹೋಗುತ್ತಾಳೆ. ಹಗ್ಗ ಕಂಡರೆ ಅದೇ ಸಾಕ್ಷಿಯಾಗುತ್ತದೆಂದು ಬರಿಗೈಯಲ್ಲಿ ಹಿಡಿಯುತ್ತಾಳೆ. ಕ್ಯಾರಿಯರಿನ ಕಬ್ಬಿಣಕ್ಕೆ ಅಂಗೈ ಸುಲಿದು ಹೋಗಿದೆ. ಕಳ್ಳತನ ಮಾಡಿದವರು ಹಗಲು ಲಾರಿಯಲ್ಲಿ ಓಡಾಡುತ್ತಾರೆ, ಜನರ ಕೈಕಾಲು ಉಳಿಸುವವಳು ಕಳ್ಳಿಯ ಹಾಗೆ ಬಂದು ಹೋಗಬೇಕು. ಎಂಥ ನ್ಯಾಯವಿದು? ಮುಕಾದಮನ ಮುಖಕ್ಕೆ ಎರಡು ಮಾತು ಆಡಬಾರದಿತ್ತೇ ಎಂದು ನಾನು ಕೇಳುತ್ತೇನೆ. "ಬಡವನ ಕೋಪ ದವಡೆಗೆ ಮೂಲ ಅಂತಾರಲ್ಲ ಮಾಸ್ತರ್ರೇ. ನಾ ಕೂಗಿ ಎಂತ ಮಾಡೂದು? ನೀವು ಕೂಗಿ. ನಿಮ್ಗೆ ಪೇಪರ್ ಅದೆ," ಅನ್ನುತ್ತಾಳೆ.

ಹಾಗೆ ಮಾತಾಡುತ್ತಿರುವಾಗಲೇ ಒಬ್ಬ ತರುಣ ಸೈಕಲ್ಲು ದೂಡಿಕೊಂಡು ಹತ್ತಿ ಬರುತ್ತಾನೆ. ಹೊಸ ಮುಖ, ಒಣಮೀನಿನ ಮೂಟೆ. ದುರ್ಗಿ ಎದ್ದು ಕ್ಯಾರಿಯರಿಗೆ ಕೈ ಹಾಕುತ್ತಾಳೆ. ಅವನು ಹಾವು ಮುಟ್ಟಿದವನಂತೆ ಸೈಕಲ್ಲು ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. "ಬೇಡ, ಬೇಡ. ಆ ವೆಂಕಟನ್ನ ಬೀಳ್ಸಿದ್ದು ನೀನೇ ಅಲ್ವ?" ಎಂದು ಒಬ್ಬನೇ ಇಳಿಯತೊಡಗುತ್ತಾನೆ. ನನ್ನ ನಾಲಗೆಯ ತುದಿಗೆ ಬೈಗುಳ ಬರುತ್ತದೆ. ಮೀರಾನ್ ಸಾಹೇಬರು ಬೀಡಿ ಬಿಸಾಡಿ ಎದ್ದು ನಿಲ್ಲುತ್ತಾರೆ. ದುರ್ಗಿ ನಮ್ಮಿಬ್ಬರನ್ನೂ ನೋಡುವುದಿಲ್ಲ. ರಸ್ತೆಯ ಅಂಚಿಗೆ ಓಡಿ ಕೂಗುತ್ತಾಳೆ: "ತಮಾ, ತಿರುವಲ್ಲಿ ಇನ್ನೂ ಜಲ್ಲಿ ಅದೆ! ಎಡಕ್ಕೆ ಹೋಗು, ಎಡಕ್ಕೆ! ಮಣ್ಣಿನ ಮೇಲೆ ಇಳಿ!" ಅವನು ತಿರುಗಿ ನೋಡುವುದಿಲ್ಲ. ಆದರೆ ಎಡಕ್ಕೆ ಸರಿಯುತ್ತಾನೆ. ಅವನು ಮೋರಿ ದಾಟುವವರೆಗೂ ಆಕೆ ಅಲ್ಲೇ ನಿಂತಿರುತ್ತಾಳೆ.

ವಾಪಸು ಬಂದು ಕಟ್ಟೆಯ ಮೇಲೆ ಕೂತಾಗ ಆಕೆಯ ಕಣ್ಣು ಕೆಂಪಾಗಿದೆ. ಏನು ಬೇಕು ನಿಮಗೆ, ದುರ್ಗಮ್ಮಾ, ಎಂದು ಕೇಳುತ್ತೇನೆ. ಹಗ್ಗ ಬೇಕೇ? ಇಲ್ಲಿ ನಿಲ್ಲಲು ಸರಕಾರದ ಅಪ್ಪಣೆ ಬೇಕೇ? ಆಕೆ ಸುಲಿದ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

"ಹಗ್ಗ ಎಂತಕ್ಕೆ? ಹೊಸೆಯೂಕೆ ನಂಗೇ ಬತ್ತದೆ. ನಾ ಹಿಡ್ದ ಸೈಕಲ್ಲಿಂದ ಈ ಏರಲ್ಲಿ ಒಬ್ನೇ ಒಬ್ಬ ಬಿದ್ದವ ಇಲ್ಲ. ಅದೊಂದು ಬರ್ದ್ರೆ ಆತು, ಮಾಸ್ತರ್ರೇ. ನನ್ ಹೆಸ್ರು ಬರೀದಿದ್ರೂ ಅಡ್ಡಿಲ್ಲ."