ಮುಖ್ಯ ಕನ್ನಡಿ

ಸಾಹೇಬರ ಎರಡೂ ಹೆಬ್ಬೆರಳ ಉಗುರುಗಳು ವರ್ಷವಿಡೀ ಕೆಂಪಗಿರುತ್ತಿದ್ದವು. ಗಾಜು ಉಜ್ಜುವ ಪುಡಿಯ ಬಣ್ಣ, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ‘ಯಾರ ಮದುವೆ ಸಾಹೇಬ್ರೇ?’ ಎಂದು ನಾವು ಕಾಡಿಸಿದರೆ, ‘ಮೆಹಂದಿ ನಂಗಲ್ಲ ಕಣಮ್ಮ, ಗಾಜಿಗೆ’ ಎನ್ನುತ್ತಿದ್ದರು.

ಹುಣಸೂರಿನ ಬಡಗಿ ಮನೆತನದವರು. ನಮ್ಮ ವಿಶ್ವವಿದ್ಯಾಲಯದ ಖಗೋಳ ವಿಭಾಗದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ನಾನು ಅಲ್ಲಿನ ಕೊನೆಯ ಬ್ಯಾಚಿನವಳು. ದೂರದರ್ಶಕದ ಮುಖ್ಯ ಕನ್ನಡಿಯನ್ನು, ಊಟದ ತಟ್ಟೆಯಷ್ಟು ಅಗಲದ್ದು, ಅವರು ಎಂಟು ತಿಂಗಳು ಕೈಯಲ್ಲೇ ಉಜ್ಜಿ ಮಾಡಿದ್ದರು. ನಾನು ಅವಸರಪಟ್ಟರೆ, ‘ಗಾಜು ಬಿಸಿಯಾಗೈತೆ, ನೀನೂ ಬಿಸಿಯಾಗಿದ್ದೀಯ. ಓಗಿ ಟೀ ಕುಡ್ಕೊಂಡು ಬಾ’ ಎಂದು ಅಟ್ಟುತ್ತಿದ್ದರು.

ಸೇರುವವರಿಲ್ಲವೆಂದು ವಿಭಾಗವನ್ನು ಮುಚ್ಚಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಸಾಮಾನಿನ ಪಟ್ಟಿ ಮಾಡಿದ ಗುಮಾಸ್ತ ‘ಮುಖ್ಯ ಕನ್ನಡಿ’ಯ ಯ ಒತ್ತು ನುಂಗಿ ‘ಮುಖ ಕನ್ನಡಿ’ ಎಂದು ಬರೆದ. ಸಾಲದ್ದಕ್ಕೆ ಕೋಣೆಯ ಆಚೆ ತುದಿಯಿಂದ ಅದರಲ್ಲಿ ಮುಖ ನೋಡಿಕೊಂಡ. ಮುಖ ತಲೆಕೆಳಗಾಗಿ ಕಂಡಿತು.

‘ಕೆಟ್ಟೋಗಿದೆ, ಗುಜರಿಗೆ ಹಾಕಿ.’

ಸಾಹೇಬರು ಕನ್ನಡಿಗೆ ಅಡ್ಡ ಬಂದು ನಿಂತರು. ‘ಕೆಟ್ಟಿಲ್ಲ ಸಾರ್. ಒಳಕ್ಕೆ ಬಗ್ಗಿರೋ ಕನ್ನಡಿ, ಅದ್ರ ಗುಣವೇ ಅಂಗೆ.’

‘ಬರೆದಾಯ್ತು ಕಣ್ರೀ. ಯಾವುದಾದ್ರೂ ಸ್ಕೂಲಿನವರು ಕೇಳಿದ್ರೆ ಕೊಟ್ಟುಬಿಡ್ತೀವಿ.’

ಬೆಟ್ಟದಪುರದ ಹತ್ತಿರ ಆಗಷ್ಟೇ ವಿಜ್ಞಾನದ ಮೇಡಂ ಆಗಿ ಸೇರಿದ್ದ ನಾನು ಅಂದೇ ಶಾಲೆಯಿಂದ ಅರ್ಜಿ ಹಾಕಿಸಿದೆ. ಸಾಹೇಬರು ಕನ್ನಡಿಯನ್ನು ರಜಾಯಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಬಿಳಿಕೆರೆಯ ಹಂಪುಗಳಿಗೆ ಡ್ರೈವರನನ್ನು ಬೈದುಕೊಂಡೇ ಇಳಿದರು. ನಮ್ಮ ವಿದ್ಯಾರ್ಥಿನಿಯೊಬ್ಬಳ ಅಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಹಳೆಯ ತಗಡಿನ ಕೊಳವೆ ಕೊಟ್ಟರು. ಅದೇ ದೂರದರ್ಶಕದ ಮೈಯಾಯಿತು.

ಬಿದಿಗೆಯ ಸಂಜೆ ಮೊದಲು ಕಣ್ಣಿಟ್ಟವಳು ಆ ಹುಡುಗಿಯೇ. ಇಟ್ಟವಳೇ ಕೂಗಿದಳು: ‘ಸಾಹೇಬ್ರೇ, ಚಂದ್ರ ತಲೆಕೆಳಗಾಗವ್ನೆ!’

ಸಾಹೇಬರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ‘ಅಂಗಾರೆ ಕನ್ನಡಿ ಸರಿಯಾಗೇ ಐತೆ ಬುಡು!’

ನಾನು ಅತ್ತೆ, ನಕ್ಕೆ, ಎರಡೂ ಒಟ್ಟಿಗೆ.

ಅವರು ತೀರಿಕೊಂಡು ವರ್ಷವಾಯಿತು. ಈಗ ಹಂಪಾಪುರದ ಕಡೆಯಿಂದಲೂ ಮಕ್ಕಳು ವ್ಯಾನು ಮಾಡಿಕೊಂಡು ಬರುತ್ತಾರೆ. ಕೊಠಡಿಯ ಬಾಗಿಲಿಗೆ ‘ಖಗೋಳ ವಿಭಾಗ’ ಎಂದು ಬೋರ್ಡು ಹಾಕಿದ್ದೇವೆ. ಕೊಳವೆಯ ಮೇಲೆ ಆ ಹುಡುಗಿ ಕೆಂಪು ಬಣ್ಣದಲ್ಲಿ ‘ಮುಖ್ಯ ಕನ್ನಡಿ’ ಎಂದು ಬರೆದಿದ್ದಾಳೆ. ಯ ಒತ್ತು ಉಳಿದ ಅಕ್ಷರಗಳ ಎರಡರಷ್ಟಿದೆ. ಅದು ಸಾಹೇಬರು ಇದ್ದಾಗ ಪಕ್ಕದಲ್ಲೇ ನಿಂತು ಬರೆಸಿದ್ದು.