ತಣ್ಣಗಿದ್ದ ಬುಟ್ಟಿ

“ಒಳಗೆ ಬಿಸಿ ಟೀ ಅಂತೀಯಾ, ಬುಟ್ಟಿ ತಣ್ಣಗಿದೆಯಲ್ಲಮ್ಮಾ? ಪ್ಲಾಸ್ಟಿಕ್ ಬಾಟ್ಲು ತಾನೆ?” ಕಲ್ಲಟ್ಟಿ ಚೆಕ್‌ಪೋಸ್ಟಿನಲ್ಲಿ ಬಸ್ಸು ಹತ್ತಿದ ಗಾರ್ಡ್, ನನ್ನ ಮಗಳ ಮಡಿಲಲ್ಲಿದ್ದ ಬಿದಿರು ಬುಟ್ಟಿಯನ್ನು ತಟ್ಟಿ ನೋಡಿದರು. ನಮ್ಮ ಬೆಟ್ಟದಲ್ಲಿ ಪ್ಲಾಸ್ಟಿಕ್ ಬಾಟಲಿಗೆ ನಿಷೇಧ. ಬಚ್ಚಿಟ್ಟು ತರುವವರನ್ನು ಕಂಡು ಕಂಡು ಅವರಿಗೆ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ.

ಊಟಿಯ ವಿಜ್ಞಾನ ಸ್ಪರ್ಧೆಗೆಂದು ಮಗಳು ಮಾಡಿದ, ಬಿಸಿ ಆರದಂತೆ ಕಾಯುವ ಬುಟ್ಟಿ ಅದು. ಸುತ್ತ ಒಣಹುಲ್ಲು, ಕುರಿ ಉಣ್ಣೆ. ನಡುವೆ ಟೀ ತುಂಬಿದ ಮಣ್ಣಿನ ಕುಡಿಕೆ. ಮಸಿನಗುಡಿ ಬಿಟ್ಟಾಗಿನಿಂದ ನನಗೂ ಒಳಗೊಳಗೇ ಅನುಮಾನ: ಹೊರಗೆ ಇಷ್ಟು ತಣ್ಣಗಿದ್ದರೆ ಟೀ ಎಲ್ಲಿ ಬಿಸಿ ಇದ್ದೀತು?

“ಬಿಚ್ಚಬೇಡಿ ಅಂಕಲ್, ಬಿಸಿ ಹೋಗ್ಬಿಡುತ್ತೆ!” ಮಗಳು ಬುಟ್ಟಿಯನ್ನು ಎದೆಗವುಚಿಕೊಂಡಳು. ಅವರು ಕೇಳಲಿಲ್ಲ. ಹುಲ್ಲು ಸರಿಸಿ, ಬಗ್ಗಿ ಮುಚ್ಚಳ ತೆಗೆದರು. ಗಪ್ಪನೆ ಎದ್ದ ಹಬೆಗೆ ಅವರ ಕನ್ನಡಕ ಪೂರ್ತಿ ಮಬ್ಬಾಯಿತು. ಮುಚ್ಚಳ ಮುಚ್ಚಿ, ತಾವೇ ಹುಲ್ಲನ್ನು ಒತ್ತೊತ್ತಿ ತುಂಬಿ ಇಳಿದುಹೋದರು.

ಬಹುಮಾನವೇನೂ ಬರಲಿಲ್ಲ. ಆದರೆ ಈಗ ಮನೆಗೆ ಬಂದವರು ಆ ಬುಟ್ಟಿ ಮುಟ್ಟಿ, ಟೀ ಆರಿದೆ ಎಂದು ಮುಖ ಸಿಂಡರಿಸಿದರೆ ಮಗಳು ವಾದಿಸುವುದಿಲ್ಲ. ಲೋಟಕ್ಕೆ ಬಗ್ಗಿಸಿ ಕೊಟ್ಟು ಇಷ್ಟೇ ಹೇಳುತ್ತಾಳೆ: “ಊದಿಕೊಂಡು ಕುಡೀರಿ.”