ಎಫ್ ಒತ್ತದ ಭಾವ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕೆಜಿಎಫ್‌ನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಬಂಗಾರಪೇಟೆಯ ಮನೆಯಿಂದ ಬೆಳಗ್ಗೆ ರೈಲು ಹತ್ತಿ ಹೋಗಿ, ದಿನವೆಲ್ಲ ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ವ್ಯಾಪಾರ ಮಾಡಿ, ಸಂಜೆ ಮನೆಗೆ ಬಂದಾಗ ಕಾಫಿಯನ್ನು ಯಾವ ಭಾಷೆಯಲ್ಲಿ ಕೇಳುವುದೆಂದು ಒಂದು ಗಳಿಗೆ ಯೋಚಿಸುತ್ತಿದ್ದರು. ಇಂಗ್ಲಿಷಿನ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ಅಕ್ಕನ ಮದುವೆ ಮಾತುಕತೆಯಲ್ಲಿ ಹುಡುಗನ ಓದಿನ ವಿಷಯ ಬಂದಾಗ, ಸಂಬಂಧ ತಂದವರು "ಎಸ್ಸೆಸ್ಸೆಲ್ಸಿ ಆಗೈತೆ" ಅಂದಿದ್ದರು. ಆಗೈತೆ ಅನ್ನುವುದು ನಮ್ಮ ಕಡೆ ಬಹಳ ಅನುಕೂಲದ ಮಾತು. ಊಟ ಆಗೈತೆ, ಸ್ನಾನ ಆಗೈತೆ, ಎಸ್ಸೆಸ್ಸೆಲ್ಸಿ ಆಗೈತೆ. ಪಾಸೋ ಫೇಲೋ ಅನ್ನುವುದು ಕೇಳಿಸಿಕೊಂಡವರ ಹಣೆಬರಹ. ನಮ್ಮಪ್ಪ ಅಲ್ಲಿ ತುಟಿ ಬಿಚ್ಚಲಿಲ್ಲ. ಮಾರನೆಯ ದಿನ ಹುಡುಗ ಓದಿದ ಶಾಲೆಗೇ ಹೋಗಿ ವಿಚಾರಿಸಿ ಬಂದು ಅಡುಗೆಮನೆಯಲ್ಲಿ ಅಮ್ಮನಿಗೆ ಮೆಲ್ಲಗೆ ಹೇಳಿದರು. ಹುಡುಗ ಫೇಲು, ಆದರೆ ಒಳ್ಳೆಯವನು, ಅವಳಿಗೆ ಹೇಳಬೇಡ ಅಂತ. ಬಾಗಿಲ ಮರೆಯಲ್ಲಿದ್ದ ನನಗೂ ಅಷ್ಟೂ ಕೇಳಿಸಿತು.

ಭಾವ ಬಾಯಿಬಿಟ್ಟು ಸುಳ್ಳು ಹೇಳಿದವರಲ್ಲ. ಬಾಯಿಯನ್ನೇ ಬಿಡಲಿಲ್ಲ, ಅಷ್ಟೆ. ಪೇಪರಿನಲ್ಲಿ ಪರೀಕ್ಷೆಯ ಫಲಿತಾಂಶ ಬರುವ ದಿನ ಅವರಿಗೆ ಅಂಗಡಿಯಲ್ಲಿ ಏನೋ ಅವಸರದ ಕೆಲಸ ಬಂದುಬಿಡುತ್ತಿತ್ತು. ಅಕ್ಕ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಅವಳಿಗೆ ತಿಳಿದರೆ ತನ್ನ ಮರ್ಯಾದೆ ಹೋಯಿತು ಎಂಬ ಹೆದರಿಕೆ ಅವರಿಗಿತ್ತು. ನನಗದು ಗೊತ್ತಿತ್ತು, ಗೊತ್ತಿದ್ದೂ ಆಗಾಗ ಚುಚ್ಚುತ್ತಿದ್ದೆ. ನಾದಿನಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ?

ತೊಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನ ಯಾವುದೋ ಆಫೀಸು ಹೊರಹಾಕಿದ ಕಂಪ್ಯೂಟರೊಂದು ರೈಲಿನ ಸ್ನೇಹಿತರೊಬ್ಬರ ಕೃಪೆಯಿಂದ ಭಾವನ ಮನೆ ಸೇರಿತು. ಕ್ಯಾಸೆಟ್ಟುಗಳ ಹೆಸರನ್ನೆಲ್ಲ ಅದರಲ್ಲಿ ಹಾಕಿಡುತ್ತೇನೆ ಅಂದಿದ್ದರು. ಹಾಕಲಿಲ್ಲ. ಅಕ್ಕ ಅದಕ್ಕೆ ಕಸೂತಿ ಬಟ್ಟೆ ಹೊದಿಸಿದಳು. ಆಮೇಲೆ ಅದೇ ಸ್ನೇಹಿತರು ಊಟದ ಚೀಲದಲ್ಲಿ ಕ್ಯಾಸೆಟ್ಟಿನ ಜಾತಿಯವೇ ಆದ ಐದು ಫ್ಲಾಪಿ ತಂದುಕೊಟ್ಟರು. ಕಾರು ಓಡಿಸುವ ಆಟವಂತೆ. ಒಂದಾದ ಮೇಲೊಂದು ಹಾಕಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡರೆ ಮುಂದೆ ಫ್ಲಾಪಿಯ ಹಂಗಿಲ್ಲ. ಭಾವ ಅವನ್ನು ಜೋಪಾನವಾಗಿ ಅಂಗಡಿಯ ದೊಡ್ಡ ಸ್ಪೀಕರಿನ ಮೇಲಿಟ್ಟರು. ಸ್ಪೀಕರಿನ ಆಯಸ್ಕಾಂತ ಹಾಡನ್ನೇ ತಿಂದುಹಾಕುತ್ತದೆ, ಅದರ ಹತ್ತಿರ ಕ್ಯಾಸೆಟ್ ಇಡಬೇಡಿ ಎಂದು ಗಿರಾಕಿಗಳಿಗೆಲ್ಲ ಉಪದೇಶ ಮಾಡುತ್ತಿದ್ದವರು ಇವರೇ.

ಒಂದು ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಕೂತೆವು. ಅಕ್ಕ ಪಕ್ಕದಲ್ಲಿ ನೆನೆಹಾಕಿದ ಅವರೆಕಾಳು ಹಿಸುಕುತ್ತಿದ್ದಳು. ಮೊದಲ ಎರಡು ಫ್ಲಾಪಿ ಸಲೀಸಾಗಿ ಇಳಿದವು. ಮೂರನೆಯದು ಕರಕರ ಅಂತ ಹಲ್ಲು ಕಡಿದು ನಿಂತಿತು. ಪರದೆಯ ಮೇಲೆ ಮೂರು ಮಾತು ಬಂದವು: ಅಬಾರ್ಟ್, ರಿಟ್ರೈ, ಫೇಲ್. ಯಾವುದು ಬೇಕೋ ಅದರ ಮೊದಲ ಅಕ್ಷರ ಒತ್ತಬೇಕು.

ಅಬಾರ್ಟ್ ಅನ್ನುವುದು ಹೆರಿಗೆ ಆಸ್ಪತ್ರೆಯ ಮಾತು, ಸಂಸಾರಸ್ಥರ ಮನೆಯಲ್ಲಿ ಬೇಡ ಅಂದರು ಭಾವ. ರಿಟ್ರೈ ಅಂದರೆ ಪರೀಕ್ಷೆಗೆ ಮತ್ತೆ ಕಟ್ಟು ಅಂತ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆರ್ ಒತ್ತಿದರು. ಕರಕರ. ಮತ್ತೆ ಒತ್ತಿದರು. ಫ್ಲಾಪಿ ತೆಗೆದು ಪಂಚೆಯಲ್ಲಿ ಒರೆಸಿ, ದೇವರ ಪಟದ ಕಡೆಗೊಮ್ಮೆ ನೋಡಿ ಒತ್ತಿದರು. ಎಫ್ ಒತ್ತಿ ನೋಡೋಣ ಭಾವ, ಇದೊಂದನ್ನು ಬಿಟ್ಟು ಮುಂದಕ್ಕೆ ಹೋದರೂ ಹೋಗಬಹುದು ಅಂದೆ. ಅವರಿಗೆ ಕೇಳಿಸಲಿಲ್ಲ. ಎಫ್‌ನ ಕಡೆ ಬೆರಳು ಹೋಗುವುದಿರಲಿ, ಕಣ್ಣೂ ಹೋಗುತ್ತಿರಲಿಲ್ಲ. ಬೇಕಂತಲೇ ನಾನು ಆ ಪದವನ್ನು ಇನ್ನೊಂದು ಸಲ ಜೋರಾಗಿ ಓದಿದೆ. ಭಾವನ ಹಣೆಯಲ್ಲಿ ಬೆವರೊಡೆದಿತ್ತು. ನನ್ನ ನಗು ಅಲ್ಲಿಗೇ ನಿಂತಿತು. ಪಾಪ ಅನ್ನಿಸಿತು.

ಅಕ್ಕ ಕಾಳಿನಿಂದ ತಲೆ ಎತ್ತಲಿಲ್ಲ.

"ಅದ್ನ ಒತ್ತೋಕೆ ಯಾಕಂಗೆ ಎದರ್ತೀರಾ? ನೀವು ಫೇಲು ಅಂತ ನಂಗೆ ಮದ್ವೇಗೆ ಮುಂಚೇನೇ ಗೊತ್ತು."

ಇಷ್ಟು ವರ್ಷ ಅಕ್ಕನಿಗೆ ತಿಳಿಯದಂತೆ ಗುಟ್ಟು ಕಾಯ್ದೆ ಅಂದುಕೊಂಡಿದ್ದೆ. ಅಮ್ಮ ಅದನ್ನು ಆವತ್ತು ಸಂಜೆಯೇ ಅವಳ ತಲೆ ಬಾಚುತ್ತಾ ಹೇಳಿಬಿಟ್ಟಿದ್ದಳಂತೆ, ಒಪ್ಪುವುದೂ ಬಿಡುವುದೂ ನಿನಗೆ ಬಿಟ್ಟದ್ದು ಅಂತ.

ಗೊತ್ತಿದ್ದೂ ಯಾಕೆ ಒಪ್ಪಿದೆ ಎಂದು ಭಾವ ಪರದೆಯನ್ನೇ ನೋಡುತ್ತಾ ಕೇಳಿದರು. ಪಾಸಾದವನೊಬ್ಬನೂ ತನ್ನನ್ನು ನೋಡಲು ಬಂದಿದ್ದ ಅಂದಳು ಅಕ್ಕ. ಅವನು ಇದ್ದಷ್ಟು ಹೊತ್ತೂ ತನ್ನ ಮಾರ್ಕುಗಳನ್ನೇ ಹೇಳಿದನಂತೆ. ಇವರಾದರೆ ಉಪ್ಪಿಟ್ಟು ಚೆನ್ನಾಗಿದೆ ಅಂದರಂತೆ.

ಭಾವ ಎಫ್ ಒತ್ತಿದರು. ಕಂಪ್ಯೂಟರು ಒಂದು ಸಲ ಗೊರಗುಟ್ಟಿ, ಇಷ್ಟು ಹೊತ್ತು ಏನೂ ಆಗಿಯೇ ಇಲ್ಲವೆಂಬಂತೆ ನಾಲ್ಕನೆಯ ಫ್ಲಾಪಿ ಕೇಳಿತು. ಅದು ನನ್ನ ಕೈಯಲ್ಲೇ ಇತ್ತು. ಭಾವ ಈಸಿಕೊಳ್ಳಲಿಲ್ಲ. ಕುರ್ಚಿಯನ್ನು ಅಕ್ಕನ ಕಡೆ ತಿರುಗಿಸಿದರು.

"ಯಾವ್ದುರಲ್ಲಿ ಅಂತಾನೂ ಗೊತ್ತಾ?"

"ಇಂಗ್ಲೀಷು, ಲೆಕ್ಕ."

"ಲೆಕ್ಕ ಅಲ್ಲ ಕಣೇ," ಅಂದರು ಭಾವ. ಅಷ್ಟು ಗಟ್ಟಿಯಾಗಿ ಅವರು ಆ ಮನೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಲೆಕ್ಕ ಪಾಸು. ಓಗಿದ್ದು ಸೈನ್ಸು."